ಅಡ್ಡಗಾಳಿ ಲ್ಯಾಂಡಿಂಗ್ ಕಲಿಯೋಕೆ ಏರ್‌ಲೈನ್ ಪೈಲಟ್‌ಗಳನ್ನ ಸಣ್ಣ ವಿಮಾನದಲ್ಲಿ ಕೂರಿಸಿದರೆ ಪ್ರಯೋಜನ ಇದೆಯಾ?

ಗೋಕುಲ ರೋಡ್ ಮಾವ (ಹುಬ್ಬಳ್ಳಿ) ಕೇಳಿದ್ದು:

ಪೈಲಟ್ ಕೆಲಸದಲ್ಲಿರುವವರು, ವಿಮಾನದ ಬಗ್ಗೆ ತಿಳಿದವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ. ನಮ್ಮ ಅಕ್ಕನ ಮಗ ಕಮರ್ಷಿಯಲ್ ಲೈಸೆನ್ಸ್ ಮುಗಿಸಿ ಈಗ ಏರ್‌ಬಸ್ ಎ320 ಟೈಪ್ ರೇಟಿಂಗ್ (ಆ ಒಂದು ಮಾದರಿಯ ವಿಮಾನ ಹಾರಿಸೋಕೆ ಬೇಕಾದ ತರಬೇತಿ) ಮಾಡುತ್ತಿದ್ದಾನೆ, ಪೂರಾ ಸಿಮ್ಯುಲೇಟರ್‌ನಲ್ಲೇ. ಕೆಲಸಕ್ಕೆ ಸೇರಿದ ಮೇಲೂ ಹೊಸ ಕೋ-ಪೈಲಟ್‌ಗೆ ಕಂಪನಿಗಳು ಗಾಳಿಯ ಮಿತಿ ಕಡಿಮೆ ಇಟ್ಟಿರುತ್ತವಂತೆ. ಅಡ್ಡಗಾಳಿ ಜೋರಾಗಿದ್ದರೆ ಕ್ಯಾಪ್ಟನ್ನೇ ಇಳಿಸುತ್ತಾರೆ, ಇವನು ಪಕ್ಕದಲ್ಲಿ ಕೂತು ನೋಡಬೇಕು. ಸುರಕ್ಷತೆಗೆ ಅದು ಸರಿನೇ, ನನ್ನ ತಕರಾರಿಲ್ಲ. ಆದರೆ ನಾಲ್ಕೈದು ವರ್ಷ ಬಿಟ್ಟು ಇವನೇ ಕ್ಯಾಪ್ಟನ್ ಆಗಿ ಎಡಗಡೆ ಸೀಟಿನಲ್ಲಿ ಕೂತ ದಿನ ಆ ಅಭ್ಯಾಸ ಎಲ್ಲಿಂದ ಬರಬೇಕು?

ವರ್ಷಕ್ಕೆ ಒಂದಿಷ್ಟು ಗಂಟೆ ಇವರನ್ನೆಲ್ಲ ಸೆಸ್ನಾ ಥರದ ಸಣ್ಣ ವಿಮಾನದಲ್ಲಿ ಕೂರಿಸಿ, ಗಾಳಿ ಇರುವ ದಿನವೇ ನೋಡಿಕೊಂಡು ಹತ್ತಿಸಿ ಇಳಿಸಿದರೆ ಆಗಲ್ವಾ? ದೊಡ್ಡ ವಿಮಾನ ಹಾರಿಸುವ ಖರ್ಚಿಗೆ ಹೋಲಿಸಿದರೆ ಇದು ಏನೂ ಅಲ್ಲ. ಪ್ರಯಾಣಿಕರೂ ಇರಲ್ಲ. ನಮ್ಮ ಹುಬ್ಬಳ್ಳಿ ಏರ್‌ಪೋರ್ಟ್‌ನಲ್ಲಿ ಗಾಳಿಗೇನು ಬರ ಇಲ್ಲ. ಇದನ್ನ ಯಾಕೆ ಯಾರೂ ಮಾಡಲ್ಲ, ಅಥವಾ ಮಾಡುತ್ತಾರಾ?

---

ಹಾವೇರಿ ಏಲಕ್ಕಿ:

ಮಾವ, ಲಾರಿ ಡ್ರೈವರ್‌ಗೆ ಲೂನಾ ಮೇಲೆ ಟ್ರೇನಿಂಗ್ ಕೊಡೋಣ ಅಂದ ಹಾಗಾಯ್ತು ಇದು. ನಾನು ಪೈಲಟ್ ಅಲ್ಲ, ಮೆಕ್ಯಾನಿಕಲ್ ಇಂಜಿನಿಯರ್, ಆದರೂ ಲೆಕ್ಕ ನೋಡಿ. ಸೆಸ್ನಾ 172 ತುಂಬಿಸಿದರೂ ಸುಮಾರು 1,100 ಕಿಲೋ. ಎ320 ಟೇಕಾಫ್ ತೂಕ 78 ಟನ್ ತನಕ ಹೋಗುತ್ತದೆ. ಸಣ್ಣದು 65 ನಾಟ್ ವೇಗದಲ್ಲಿ ಇಳಿಯುತ್ತದೆ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್), ದೊಡ್ಡದು ಹತ್ತಿರ ಹತ್ತಿರ 135ರಲ್ಲಿ. ಸಣ್ಣದು ಗಾಳಿ ಬೀಸಿದರೆ ಹಾರಿ ಹೋಗುತ್ತದೆ, ದೊಡ್ಡದಕ್ಕೆ ಅದು ಲೆಕ್ಕಕ್ಕೇ ಇಲ್ಲ. ಅದರಲ್ಲಿ ಕಲಿತದ್ದು ಇದರಲ್ಲಿ ಹೇಗೆ ಉಪಯೋಗಕ್ಕೆ ಬರುತ್ತದೆ? ಕೋಟಿಗಟ್ಟಲೆ ಕೊಟ್ಟು ಸಿಮ್ಯುಲೇಟರ್ ಮಾಡಿದ್ದು ಇದಕ್ಕೇ ತಾನೆ. ಅದರಲ್ಲಿ ಬಟನ್ ಒತ್ತಿದರೆ ಎಷ್ಟು ಬೇಕೋ ಅಷ್ಟು ಗಾಳಿ. ಹುಡುಗನಿಗೆ ಸಿಮ್ ಅವರ್ಸ್ ಜಾಸ್ತಿ ಕೊಡಿಸಲಿ ಸಾಕು.

---

ಸಾಂಬ್ರಾ ಸರ್ಕ್ಯೂಟ್:

ಏಲಕ್ಕಿ ಅವರೇ, ನಿಮ್ಮ ಅಂಕಿಗಳು ಸರಿ ಇವೆ. ಆದರೆ ಅದೇ ಅಂಕಿ ಇಟ್ಟುಕೊಂಡು ಉಲ್ಟಾ ವಾದ ಮಾಡಬಹುದು. ನಾನು ಫ್ಲೈಯಿಂಗ್ ಇನ್‌ಸ್ಟ್ರಕ್ಟರ್, ದಿನಾ ಇದೇ ಕೆಲಸ.

ಪಕ್ಕದಿಂದ 15 ನಾಟ್ ಗಾಳಿ ಇದೆ ಅಂದುಕೊಳ್ಳಿ. ರನ್‌ವೇ ನೇರಕ್ಕೆ ಬರಬೇಕಾದರೆ ಮೂತಿಯನ್ನ ಗಾಳಿ ಕಡೆ ತಿರುಗಿಸಿಕೊಂಡು ಓರೆಯಾಗಿ ಬರಬೇಕು, ಇದಕ್ಕೆ ಕ್ರ್ಯಾಬ್ ಅನ್ನುತ್ತೇವೆ. 65 ನಾಟ್‌ನಲ್ಲಿ ಬರುವ ಸೆಸ್ನಾಗೆ ಇದು 13 ಡಿಗ್ರಿ ಆಗುತ್ತದೆ. 135ರಲ್ಲಿ ಬರುವ ಎ320ಗೆ ಅದೇ ಗಾಳಿಗೆ 6 ಡಿಗ್ರಿ ಚಿಲ್ಲರೆ. ಅಂದರೆ ಸಣ್ಣ ವಿಮಾನದಲ್ಲಿ ತೊಂದರೆ ಎರಡು ಪಟ್ಟು ದೊಡ್ಡದಾಗಿ ಕಣ್ಣಿಗೆ ಕಾಣುತ್ತದೆ. ಕಲಿಯುವವನಿಗೆ ಅದಕ್ಕಿಂತ ಒಳ್ಳೆಯದು ಏನಿದೆ? 6 ಡಿಗ್ರಿ ಓರೆ ಅನ್ನೋದು ಹೊಸಬನ ಕಣ್ಣಿಗೆ ಬೀಳೋದೇ ಇಲ್ಲ. 13 ಡಿಗ್ರಿ ಅಂದರೆ ರನ್‌ವೇ ಪಕ್ಕದ ಕಿಟಕಿ ಕಡೆ ಸರಿದ ಹಾಗೆ ಅನಿಸುತ್ತದೆ.

ಈಗ ಬಲಗಡೆಯಿಂದ ಗಾಳಿ. ಮೂತಿ ಬಲಕ್ಕೆ ತಿರುಗಿದೆ. ನೆಲದಿಂದ ಹತ್ತಿಪ್ಪತ್ತು ಅಡಿ ಮೇಲೆ ಬಂದಾಗ ಎಡ ಪೆಡಲ್ (ಬಾಲದ ಚುಕ್ಕಾಣಿ, ಅಂದರೆ ರಡ್ಡರ್ ತಿರುಗಿಸುವುದು) ಒತ್ತಿ ಮೂತಿಯನ್ನ ಸೆಂಟರ್ ಲೈನ್‌ಗೆ ತರಬೇಕು. ಒತ್ತಿದ ತಕ್ಷಣ ಬಲ ರೆಕ್ಕೆ ಮುಂದಕ್ಕೆ ಬೀಸಿ ಮೇಲೇಳೋಕೆ ನೋಡುತ್ತದೆ, ಅದರ ಕೆಳಗೆ ಗಾಳಿ ಬೇರೆ. ಅದಕ್ಕೇ ಅದೇ ಹೊತ್ತಿಗೆ ಕೈ ಬಲಕ್ಕೆ, ಬಲ ರೆಕ್ಕೆ ಸ್ವಲ್ಪ ಕೆಳಗೆ. ಕಾಲು ಎಡಕ್ಕೆ, ಕೈ ಬಲಕ್ಕೆ. ಬಲ ಚಕ್ರ ಮೊದಲು ನೆಲ ಮುಟ್ಟಬೇಕು, ಆಮೇಲೆ ಎಡ, ಆಮೇಲೆ ಮೂತಿಯದು. ಓದೋಕೆ ಸುಲಭ. ಹುಡುಗರು ಮೊದಲು ಮಾಡುವುದು ಏನು ಗೊತ್ತಾ, ಗಾಬರಿಯಲ್ಲಿ ಕೈ ಕಾಲು ಎರಡೂ ಒಂದೇ ಕಡೆ ಹೋಗುತ್ತವೆ. ಇದು ಬಾಯಲ್ಲಿ ಹೇಳಿ ಹೋಗಲ್ಲ.

ನಿಜವಾದ ಕಷ್ಟ ಬೇರೆ ಇದೆ. ಒಂದು ಲ್ಯಾಂಡಿಂಗ್‌ನಲ್ಲಿ ಈ ಕೈಕಾಲಿನ ಕೆಲಸ ನಡೆಯುವುದು ನಾಲ್ಕೈದು ಸೆಕೆಂಡ್ ಅಷ್ಟೇ. ಒಂದು ಗಂಟೆ ಸರ್ಕ್ಯೂಟ್ (ಮೇಲೇರಿ, ಏರ್‌ಪೋರ್ಟ್ ಸುತ್ತಿ, ಮತ್ತೆ ಇಳಿಯುವುದು) ಹೊಡೆದರೂ ಕಲಿಯಬೇಕಾದ ಆ ಭಾಗಕ್ಕೆ ಸಿಗುವುದು ಒಂದು ನಿಮಿಷವೂ ಇಲ್ಲ, ಉಳಿದದ್ದೆಲ್ಲ ಸುಮ್ನೆ ಸುತ್ತು ಹಾಕಿ ಬರುವುದು. ಅದಕ್ಕೆ ನಾನು ಇಳಿಸೋಕೇ ಬಿಡಲ್ಲ. ಫ್ಲೇರ್ ಎತ್ತರಕ್ಕೆ, ಅಂದರೆ ನೆಲ ಮುಟ್ಟುವ ಮುಂಚೆ ಮೂತಿ ಸ್ವಲ್ಪ ಎತ್ತುವ ಎತ್ತರಕ್ಕೆ ಬಂದು, ಸ್ವಲ್ಪ ಪವರ್ ಇಟ್ಟು, ಚಕ್ರ ತಾಗಿಸದೆ ರನ್‌ವೇ ಉದ್ದಕ್ಕೂ ಹೋಗು ಅನ್ನುತ್ತೇನೆ. ಮೂತಿ ನೇರ, ಗಾಳಿ ಕಡೆ ರೆಕ್ಕೆ ಕೆಳಗೆ. ರೆಕ್ಕೆ ಒಂದಿಷ್ಟು ಮೇಲೆತ್ತು, ನೋಡು ಹೇಗೆ ಎಡಕ್ಕೆ ಜಾರುತ್ತದೆ. ಮತ್ತೆ ಇಳಿಸು, ಸೆಂಟರ್ ಲೈನ್‌ಗೆ ವಾಪಸ್ ಬಾ. ಹುಬ್ಬಳ್ಳಿ ರನ್‌ವೇ 2,600 ಮೀಟರ್ ಇದೆ. 65 ನಾಟ್‌ನಲ್ಲಿ ಆ ತುದಿಯಿಂದ ಈ ತುದಿಗೆ ಒಂದು ನಿಮಿಷದ ಮೇಲೆ ಹಿಡಿಯುತ್ತದೆ. ಕೊನೆಯಲ್ಲಿ ಮೇಲೇಳೋಕೆ ಜಾಗ ಬಿಟ್ಟರೂ ಒಂದೇ ಸಲಕ್ಕೆ ಹತ್ತು ಲ್ಯಾಂಡಿಂಗ್‌ನ ಅಭ್ಯಾಸ. ದಿನಕ್ಕೆ ಕೆಲವೇ ವಿಮಾನ ಬರುವ ನಮ್ಮ ಕಡೆಯ ಏರ್‌ಪೋರ್ಟ್‌ಗಳಲ್ಲಿ ಇದು ಆಗುವ ಮಾತು. ಬೆಂಗಳೂರು ದೊಡ್ಡ ಏರ್‌ಪೋರ್ಟ್‌ನಲ್ಲಿ ಕೇಳಿದರೆ ಟವರ್‌ನವರು ಬಯ್ಯುತ್ತಾರೆ.

ಇನ್ನೊಂದು ಮಾತು. ಲೈಸೆನ್ಸ್‌ಗೆ 200 ಗಂಟೆ ಹಾರಿದ್ದಾನೆ ಅಂದ ಮಾತ್ರಕ್ಕೆ ಗಾಳಿ ನೋಡಿದ್ದಾನೆ ಅಂತಲ್ಲ. ಶಾಲೆಗಳು ವಿದ್ಯಾರ್ಥಿಗಳನ್ನ ಹಾರಿಸುವುದು ಬೆಳಿಗ್ಗೆ ಗಾಳಿ ಮಲಗಿರುವಾಗ. ಮಧ್ಯಾಹ್ನ ವಿಂಡ್‌ಸಾಕ್ (ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ) ಅಡ್ಡ ನಿಂತಿತು ಅಂದರೆ ವಿದ್ಯಾರ್ಥಿ ಒಬ್ಬನೇ ಹಾರುವ ಸೋಲೋ ಬಂದ್. ಮಳೆಗಾಲದಲ್ಲಿ ಎಷ್ಟೋ ದಿನ ಹ್ಯಾಂಗರ್ ಬಾಗಿಲೇ ತೆಗೆಯಲ್ಲ. ಹಾಗಾಗಿ ಮಾವ ಕೇಳಿದ ಪ್ರಶ್ನೆ ಸರಿ ಇದೆ, ಆ ಹುಡುಗರು ಸಣ್ಣ ವಿಮಾನದಲ್ಲೂ ಇದನ್ನ ಪೂರ್ತಿ ಕಲಿತಿರಲ್ಲ.

---

ಎಡಸೀಟು:

ನಾನು ಮೊದಲು ಎಟಿಆರ್ (ಪ್ರೊಪೆಲರ್ ಇರುವ ಸಣ್ಣ ಪ್ರಯಾಣಿಕ ವಿಮಾನ) ಹಾರಿಸಿದವನು, ಈಗ ಎ320. ಧಾರವಾಡದವನೇ. ಕಂಪನಿ ಹೆಸರು ಬೇಡ.

ಇಬ್ಬರೂ ಅರ್ಧರ್ಧ ಸರಿ. ನನ್ನ ಅಭಿಪ್ರಾಯ ಒಂದೇ ಸಾಲಿನಲ್ಲಿ: ಸಣ್ಣ ವಿಮಾನದಿಂದ ಕಾಲು ಮತ್ತು ಕಣ್ಣು ಬರುತ್ತವೆ, ಕೈ ಬರಲ್ಲ. ಕೈ ಬರಲ್ಲ ಅಷ್ಟೇ ಅಲ್ಲ, ಏರ್‌ಬಸ್‌ಗೆ ಬಂದಾಗ ಸೆಸ್ನಾದ ಕೈಯನ್ನ ಬಿಟ್ಟು ಬರಬೇಕು.

ಯಾಕೆ ಅಂದರೆ, ಸೆಸ್ನಾದಲ್ಲಿ ಬಲಗಾಳಿಗೆ ಯೋಕ್ (ಸ್ಟೀರಿಂಗ್ ಥರದ ಹಿಡಿ) ಬಲಕ್ಕೆ ಹಿಡಿದು ಇಟ್ಟುಕೊಳ್ಳಬೇಕು, ನೆಲದ ಮೇಲೆ ವೇಗ ಇಳಿಯುತ್ತಿದ್ದ ಹಾಗೆ ಇನ್ನೂ ಜಾಸ್ತಿ. ಎ320ದಲ್ಲಿ ಗಾಳಿಯಲ್ಲಿ ಇರುವಾಗ ಸೈಡ್‌ಸ್ಟಿಕ್ (ಸೀಟಿನ ಪಕ್ಕದ ಚಿಕ್ಕ ಕೋಲಿನ ಹಿಡಿ) ಪಕ್ಕಕ್ಕೆ ಒತ್ತಿದರೆ ನೀನು ಕೇಳುತ್ತಿರುವುದು ಉರುಳುವ ವೇಗ. ಒತ್ತಿ ಹಿಡಿದರೆ ರೆಕ್ಕೆ ಬಾಗುತ್ತಲೇ ಹೋಗುತ್ತದೆ. ಸ್ವಲ್ಪ ಕೊಟ್ಟು ಬಿಡಬೇಕು, ಅದು ಅಲ್ಲೇ ನಿಲ್ಲುತ್ತದೆ. ಸೆಸ್ನಾದಿಂದ ನೇರ ಬಂದವರು ಒತ್ತಿ ಹಿಡಿಯುತ್ತಾರೆ, ಸಿಮ್‌ನಲ್ಲಿ ದಿನಾ ನೋಡುತ್ತೇವೆ. ಆಮೇಲೆ ಸೆಸ್ನಾ ಥರ ರೆಕ್ಕೆ ಇಳಿಸಿ ಉದ್ದಕ್ಕೂ ಬರುವುದೂ ಇಲ್ಲಿಲ್ಲ. ಕ್ರ್ಯಾಬ್‌ನಲ್ಲೇ ಬಂದು ಫ್ಲೇರ್‌ನಲ್ಲಿ ಬಿಡಿಸುತ್ತೇವೆ. ಗಾಳಿ ಜೋರಿದ್ದರೆ 5 ಡಿಗ್ರಿ ತನಕ ಓರೆ ಉಳಿಸಿಕೊಂಡೇ ತಾಗಿಸಬಹುದು, 5 ಡಿಗ್ರಿ ತನಕ ರೆಕ್ಕೆ ಬಾಗಿಸಬಹುದು. ಅದಕ್ಕಿಂತ ಬಾಗಿಸುತ್ತಾ ಹೋದರೆ ರೆಕ್ಕೆ, ಇಂಜಿನ್ ನೆಲಕ್ಕೆ ಹತ್ತಿರ. ತೂಕ ಇರುವುದರಿಂದ ಮೂತಿ ನೇರ ಮಾಡಿದ ಮೇಲೂ ಕೆಲವು ಸೆಕೆಂಡ್ ಹಳೆಯ ದಾರಿಯಲ್ಲೇ ಹೋಗುತ್ತದೆ, ಅಷ್ಟರಲ್ಲಿ ತಾಗಿಸಿದರೆ ಆಯ್ತು. ಸೆಸ್ನಾ ಆ ಪುರುಸೊತ್ತು ಕೊಡಲ್ಲ, ನೇರ ಮಾಡಿದ ಕ್ಷಣವೇ ಜಾರುತ್ತದೆ.

ಕೂರುವ ಜಾಗವೂ ಬೇರೆ. ಸೆಸ್ನಾದಲ್ಲಿ ಚಕ್ರ ಹತ್ತಿರ ಹತ್ತಿರ ನಿನ್ನ ಕೆಳಗೇ ಇದೆ. ಎ320ದಲ್ಲಿ ಮುಖ್ಯ ಚಕ್ರ ನಿನಗಿಂತ 12 ಮೀಟರ್‌ಗೂ ಹಿಂದೆ. ಓರೆ ಬರುವಾಗ ನೀನು ಸೆಂಟರ್ ಲೈನ್ ಮೇಲೆ ಕೂತಿದ್ದರೆ ಚಕ್ರಗಳು ಪಕ್ಕದಲ್ಲಿ ಇರುತ್ತವೆ.

ಇನ್ನು ಕಾಲಿನ ವಿಷಯ, ಇದಕ್ಕೇ ನಾನು ಸಣ್ಣ ವಿಮಾನದ ಪರ. ಎ320ದಲ್ಲಿ ತಿರುವಿಗೆ ಬೇಕಾದ ರಡ್ಡರ್ ಅದೇ ಹಾಕಿಕೊಳ್ಳುತ್ತದೆ. ಟೇಕಾಫ್ ಓಟ ಮುಗಿದ ಮೇಲೆ ಫ್ಲೇರ್ ತನಕ ಕಾಲಿಗೆ ಕೆಲಸವೇ ಇಲ್ಲ. ವರ್ಷಗಟ್ಟಲೆ ಹೀಗೇ ಹಾರಿದರೆ ಕಾಲು ಜಡ ಹಿಡಿಯುತ್ತದೆ. ಆದರೆ ಕ್ರ್ಯಾಬ್ ಬಿಡಿಸುವುದು ಕಾಲೇ. ಪೆಡಲ್ ಎಷ್ಟು, ಎಷ್ಟು ಬೇಗ, ಯಾವಾಗ ಬಿಡಬೇಕು, ಇದರ ಅಂದಾಜು ಹಿಡಿಯುವ ರೀತಿ ಎಲ್ಲ ವಿಮಾನಕ್ಕೂ ಒಂದೇ. ಸಣ್ಣ ವಿಮಾನದಲ್ಲಿ ಕಾಲು ಸೋಮಾರಿ ಆದರೆ ಅದು ತಕ್ಷಣ ಚಾಡಿ ಹೇಳುತ್ತದೆ.

ಏಲಕ್ಕಿ ಅವರು ಸಿಮ್ ಸಾಕು ಅಂದರು. 2008ರ ಡಿಸೆಂಬರ್ 20ರಂದು ಅಮೆರಿಕದ ಡೆನ್ವರ್‌ನಲ್ಲಿ ಒಂದು ಬೋಯಿಂಗ್ 737 ಟೇಕಾಫ್ ಓಟದಲ್ಲೇ ಅಡ್ಡಗಾಳಿಗೆ ರನ್‌ವೇ ಬಿಟ್ಟು ಹೊರಗೆ ಹೋಯಿತು, ಬೆಂಕಿಯೂ ಹತ್ತಿತು. ರಡ್ಡರ್ ಇನ್ನೂ ಬೇಕಾಗಿದ್ದ ಹೊತ್ತಿಗೆ ಕ್ಯಾಪ್ಟನ್ ಕಾಲು ತೆಗೆದಿದ್ದರು. ಅಲ್ಲಿನ ತನಿಖಾ ಮಂಡಳಿ ಎನ್‌ಟಿಎಸ್‌ಬಿ ಅಷ್ಟಕ್ಕೇ ಬಿಡಲಿಲ್ಲ. ಸಿಮ್ಯುಲೇಟರ್‌ಗಳಲ್ಲಿ ಬಿರುಗಾಳಿಯ ಹೊಡೆತ ಸರಿಯಾಗಿ ಮಾಡಿಲ್ಲ, ಅದರಿಂದ ಇಡೀ ಉದ್ಯಮದಲ್ಲೇ ಅಡ್ಡಗಾಳಿ ತರಬೇತಿ ಸಾಲದು ಅಂತ ಕಾರಣಗಳಲ್ಲಿ ಬರೆಯಿತು. ಸಿಮ್‌ನಲ್ಲಿ 25 ನಾಟ್ ಅಂತ ಹಾಕಿದರೆ 25 ನಾಟ್ ನೀಟಾಗಿ ಬರುತ್ತದೆ. ನಿಜವಾದ ಗಾಳಿ ಹ್ಯಾಂಗರ್ ಹಿಂದಿನಿಂದ ಸುಳಿ ಹಾಕಿ ಬರುತ್ತದೆ, ನಡುವೆ ಸತ್ತು ಹೋಗುತ್ತದೆ, ಮತ್ತೆ ಹೊಡೆಯುತ್ತದೆ. ಸಿಮ್ ಕಾಲುಗಳು ಆರು ದಿಕ್ಕಿಗೆ ಅಲ್ಲಾಡಿದರೂ ಪಕ್ಕಕ್ಕೆ ಎಳೆಯುವ ಆ ಜಗ್ಗಾಟವನ್ನ ಪೂರ್ತಿ ಕೊಡೋಕೆ ಆಗಲ್ಲ. ಸೀಟಿನ ಕೆಳಗೆ ಗೊತ್ತಾಗುವ ವಿಷಯ ಅದು.

ಅದೇ ವರ್ಷ ಮಾರ್ಚ್ 1ಕ್ಕೆ ಹ್ಯಾಂಬರ್ಗ್‌ನಲ್ಲಿ ಎ320 ಒಂದರ ಎಡರೆಕ್ಕೆ ತುದಿ ರನ್‌ವೇಗೆ ತಾಗಿತ್ತು, ವಿಡಿಯೋ ತುಂಬಾ ಜನ ನೋಡಿರುತ್ತೀರಿ. ಗಾಳಿ ಹೊಡೆತ 47 ನಾಟ್ ತನಕ ಹೇಳಿದ್ದರು. ಒಂದು ಕಡೆಯ ಚಕ್ರ ತಾಗಿದ್ದೇ ತಡ ಕಂಪ್ಯೂಟರ್ ನೆಲದ ಲೆಕ್ಕಕ್ಕೆ ಬದಲಾಯಿತು, ಉರುಳಿಸುವ ಶಕ್ತಿ ಅರ್ಧಕ್ಕೆ ಇಳಿಯಿತು. ಜನರಿಗೆ ಏನೂ ಆಗಲಿಲ್ಲ, ಗೋ ಅರೌಂಡ್ ಮಾಡಿ, ಅಂದರೆ ಇಳಿಯೋದು ಬಿಟ್ಟು ಮತ್ತೆ ಮೇಲೆದ್ದು, ಇನ್ನೊಂದು ರನ್‌ವೇನಲ್ಲಿ ಇಳಿದರು. ಇದನ್ನ ಯಾವ ಸೆಸ್ನಾನೂ ಕಲಿಸಲ್ಲ. ಇದಕ್ಕೆ ಆ ವಿಮಾನದ ಪುಸ್ತಕ, ಆ ವಿಮಾನದ ಸಿಮ್ ಬೇಕು.

ಎಟಿಆರ್‌ಗೆ ಹೋಗುವ ಹುಡುಗನಾದರೆ ಲೆಕ್ಕ ಬೇರೆ. ಅಲ್ಲಿ ಕೈಯೂ ಸೆಸ್ನಾದ ಥರವೇ, ಇಳಿದ ಮೇಲಿನ ಓಟದಲ್ಲೂ (ರೋಲ್‌ಔಟ್) ಯೋಕ್ ಗಾಳಿ ಕಡೆ ಹಿಡಿಯಬೇಕು. ಮುಖ್ಯ ಚಕ್ರಗಳ ನಡುವೆ ಅಂತರ 4 ಮೀಟರ್ ಚಿಲ್ಲರೆ ಮಾತ್ರ, ಎ320ದಲ್ಲಿ ಏಳೂವರೆ ಮೀಟರ್. ಎಟಿಆರ್‌ನಲ್ಲಿ ಅಡ್ಡಗಾಳಿ ಕೆಲಸ ಜಾಸ್ತಿ ಇರುತ್ತದೆ. ಹುಬ್ಬಳ್ಳಿಗೆ ಎಟಿಆರ್ ತಂದವರು ಒಪ್ಪುತ್ತಾರೆ.

---

ಕಪ್ಪತಗುಡ್ಡದ ಗಾಳಿ:

ನಾನು ಗದಗ ಕಡೆ ಫ್ಯಾನ್ (ಗಾಳಿಯಿಂದ ಕರೆಂಟ್ ತೆಗೆಯುವ ಗಾಳಿಯಂತ್ರ) ಮೆಂಟೆನೆನ್ಸ್ ಮಾಡುವವನು, ವಿಮಾನ ನನ್ನ ಲೈನ್ ಅಲ್ಲ. ಆದರೆ ಗಾಳಿ ನನ್ನ ಲೈನ್. ಮಾವ ಅಂದುಕೊಂಡ ಹಾಗೆ ಹುಬ್ಬಳ್ಳಿಯಲ್ಲಿ ಗಾಳಿ ಇದೆ, ಅಡ್ಡಗಾಳಿ ಅಷ್ಟಿಲ್ಲ.

ಜೂನ್‌ನಿಂದ ಆಗಸ್ಟ್ ತನಕ ನಮ್ಮ ಫ್ಯಾನ್‌ಗಳೆಲ್ಲ ಪಡುವಣಕ್ಕೆ ಮುಖ ಮಾಡಿ ನಿಂತಿರುತ್ತವೆ, ಅಲ್ಪಸ್ವಲ್ಪ ನೈರುತ್ಯಕ್ಕೆ. ಹುಬ್ಬಳ್ಳಿ ರನ್‌ವೇ 08/26, ಅಂದರೆ ಮೂಡಣ ಪಡುವಣ. ಮಳೆಗಾಲದ ಗಾಳಿ ಹತ್ತಿರ ಹತ್ತಿರ ರನ್‌ವೇ ಉದ್ದಕ್ಕೇ ಬರುತ್ತದೆ, ಎದುರುಗಾಳಿ. ರನ್‌ವೇ ಹಾಕುವಾಗಲೇ ಅದನ್ನ ನೋಡಿರುತ್ತಾರೆ. ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಕಾವೋದ ಶಿಫಾರಸಿನಲ್ಲಿ 1,500 ಮೀಟರ್ ಮೇಲಿನ ರನ್‌ವೇಗೆ ಅಡ್ಡಗಾಳಿ 20 ನಾಟ್ ಒಳಗೆ ಇದ್ದು 95 ಪರ್ಸೆಂಟ್ ಸಮಯ ಬಳಸೋಕೆ ಬರಬೇಕು ಅಂತಿದೆ.

ಲೆಕ್ಕ ಸುಲಭ. ಗಾಳಿ 230 ಡಿಗ್ರಿಯಿಂದ 20 ನಾಟ್ ಅಂತ ಟವರ್ ಹೇಳಿತು ಅನ್ನಿ, ಗಂಟೆಗೆ 37 ಕಿಲೋಮೀಟರ್. ರನ್‌ವೇ 26 ಅಂದರೆ 260 ಡಿಗ್ರಿ. ವ್ಯತ್ಯಾಸ 30 ಡಿಗ್ರಿ, ಅಡ್ಡ ಬೀಳುವುದು ಅರ್ಧ, 10 ನಾಟ್. ಜೋರು ಗಾಳಿ ಅಂತ ನಮಗೆ ಅನಿಸಿದರೂ ಪೈಲಟ್‌ಗೆ ಅದು ದೊಡ್ಡದಲ್ಲ. ನಿಜವಾದ ಅಡ್ಡಗಾಳಿ ಸಿಗುವುದು ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ. ಆಗ ದಿಕ್ಕು ಹತ್ತು ನಿಮಿಷಕ್ಕೊಮ್ಮೆ ತಿರುಗುತ್ತದೆ, ಮೇಲಿನಿಂದ ತಣ್ಣನೆ ಗಾಳಿ ದಬಕ್ಕನೆ ಬೀಳುತ್ತದೆ. ಆ ಹೊತ್ತಿಗೆ ಸೆಸ್ನಾ ತೆಗೆದುಕೊಂಡು ಯಾರೂ ಹೋಗಬಾರದು, ತರಬೇತಿಗಂತೂ ಬೇಡವೇ ಬೇಡ.

ಮಾವ ಹೇಳಿಲ್ಲ, ಆದರೆ ಇಂಥ ಮಾತು ಬಂದಾಗ ಹುಬ್ಬಳ್ಳಿಯವರು 2015ರ ಕಥೆ ತೆಗೆಯುತ್ತಾರೆ. ಮಾರ್ಚ್ 8ರ ಸಂಜೆ ಬೆಂಗಳೂರಿನಿಂದ ಬಂದ ಕ್ಯೂ400 (ಪ್ರೊಪೆಲರ್ ವಿಮಾನ) ಮಳೆಯಲ್ಲಿ ಇಳಿದು ರನ್‌ವೇ ಪಕ್ಕಕ್ಕೆ ಹೋಗಿ ಎಡ ಚಕ್ರದ ಕಾಲು ಮುರಿದುಕೊಂಡಿತ್ತು. ಎಲ್ಲರೂ ಗಾಳಿ ಗಾಳಿ ಅನ್ನುತ್ತಾರೆ. ತನಿಖಾ ವರದಿ ಮುಖ್ಯವಾಗಿ ಹೇಳಿದ್ದು, ಕೆಟ್ಟ ಹವಾಮಾನದಲ್ಲಿ ನೆಲ ಮುಟ್ಟಿದ ಮೇಲೆ ಪೈಲಟ್‌ಗೆ ಹೊರಗಿನ ಗುರುತುಗಳು ಕಾಣದೆ ಹೋದದ್ದು. ಎಲ್ಲಕ್ಕೂ ಅಡ್ಡಗಾಳಿ ತಲೆಗೆ ಕಟ್ಟಬೇಡಿ.

---

ಹಾವೇರಿ ಏಲಕ್ಕಿ:

ಡೆನ್ವರ್ ವಿಷಯ ಗೊತ್ತಿರಲಿಲ್ಲ, ಸರಿ. ಆದರೂ ಖರ್ಚು ಯಾರು ಕೊಡುತ್ತಾರೆ? ಒಬ್ಬ ಪೈಲಟ್‌ನ ರೋಸ್ಟರ್‌ನಿಂದ ಎರಡು ದಿನ ತೆಗೆದು ಬೆಳಗಾವಿಗೋ ಕಲಬುರಗಿಗೋ ಕಳಿಸಿ ಗಾಳಿ ಬರೋದನ್ನ ಕಾಯುತ್ತಾ ಕೂರಿಸೋದು ಅಂದರೆ ಕಂಪನಿಯವರು ನಗುತ್ತಾರೆ. ಸಿಮ್‌ಗೆ ಸ್ಲಾಟ್ ಟೈಮ್ ಇರುತ್ತದೆ, ಗಾಳಿಗೆ ಇರಲ್ಲ. ಸಿಮ್ ಸಾಫ್ಟ್‌ವೇರ್ ಸರಿ ಮಾಡೋದೇ ಅಗ್ಗ ಅಲ್ವಾ?

---

ಎಡಸೀಟು:

ಅದು ನಿಜ, ಕಂಪನಿಗಳು ಮಾಡದೆ ಇರೋಕೆ ಮುಖ್ಯ ಕಾರಣವೇ ಅದು. ಸಿಮ್ ಗಾಳಿಯ ಮಾದರಿ ಸುಧಾರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಣ್ಣ ವಿಮಾನ ಏರ್‌ಲೈನ್ ಪೈಲಟ್‌ಗೆ ಉಪಯೋಗ ಇಲ್ಲ ಅನ್ನುವ ಕಾಲ ಹೋಯಿತು. ಯುರೋಪಿನಲ್ಲಿ 2019ರ ಕೊನೆಯಿಂದ ಏರ್‌ಲೈನ್ ಕಡೆ ಹೋಗುವ ವಿದ್ಯಾರ್ಥಿಗಳು ನಿಜವಾದ ವಿಮಾನದಲ್ಲೇ ಕನಿಷ್ಠ 3 ಗಂಟೆ ಅಪ್‌ಸೆಟ್ ರಿಕವರಿ ಕಲಿಯಬೇಕು. ವಿಮಾನ ಮಗುಚುವ ಹಾಗೆ ಆದಾಗ ದೇಹಕ್ಕೆ ಏನಾಗುತ್ತದೆ ಅನ್ನೋದು ಸಿಮ್‌ನಲ್ಲಿ ಬರಲ್ಲ ಅಂತ ಒಪ್ಪಿಕೊಂಡ ಮೇಲೆ ತಾನೆ ಆ ನಿಯಮ ಬಂದದ್ದು. ಅಡ್ಡಗಾಳಿಗೂ ಒಂದೆರಡು ಗಂಟೆ ಅದಕ್ಕೇ ಸೇರಿಸಿದರೆ ಬೇರೆ ವ್ಯವಸ್ಥೆಯೇ ಬೇಡ. ಕೆಲಸಕ್ಕೆ ಸೇರಿದ ಮೇಲೆ ರೋಸ್ಟರ್‌ನಿಂದ ಎಳೆಯುವ ಬದಲು ಸೇರುವ ಮುಂಚೆ, ಲೈಸೆನ್ಸ್ ಮತ್ತು ಟೈಪ್ ರೇಟಿಂಗ್ ನಡುವಿನ ಖಾಲಿ ತಿಂಗಳುಗಳಲ್ಲಿ ಮಾಡಬೇಕು. ನಮ್ಮ ಹುಡುಗರಿಗೆ ಆ ಖಾಲಿ ತಿಂಗಳುಗಳಿಗೆ ಏನೂ ಕೊರತೆ ಇಲ್ಲ.

ಸಣ್ಣ ವಿಮಾನದಲ್ಲಿ ಕಲಿಯಲೇಬೇಕಾದ ಇನ್ನೊಂದು ಇದೆ, ಬಿಟ್ಟು ಮೇಲೇಳೋದು. ಪೂರ್ತಿ ಪೆಡಲ್ ಒತ್ತಿದರೂ ಮೂತಿ ನೇರ ಆಗುತ್ತಿಲ್ಲ ಅಂದರೆ ಈ ಗಾಳಿ ಈ ವಿಮಾನಕ್ಕೆ ಜಾಸ್ತಿ, ಮಾತು ಮುಗಿಯಿತು, ಪವರ್ ಹಾಕು. ಸೆಸ್ನಾ 172ಕ್ಕೆ ಪುಸ್ತಕದಲ್ಲಿ 15 ನಾಟ್, ಎ320ಗೆ 33, ಹೊಡೆತ ಸೇರಿ 38. ಇವೆಲ್ಲ ಪರೀಕ್ಷೆಯಲ್ಲಿ ಮಾಡಿ ತೋರಿಸಿದ ಅಂಕಿ. ನಿನ್ನ ಕೈಗೆ ಆಗುತ್ತದೆ ಅಂತ ಯಾರೂ ಗ್ಯಾರಂಟಿ ಕೊಟ್ಟಿಲ್ಲ.

---

ಗೋಕುಲ ರೋಡ್ ಮಾವ:

ಎಲ್ಲರಿಗೂ ಥ್ಯಾಂಕ್ಸ್ ರೀ, ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಹುಡುಗ ಓದಿದ. ಸೈಡ್‌ಸ್ಟಿಕ್ ಒತ್ತಿ ಹಿಡಿಯೋದು ಓದಿ ನಕ್ಕ, ಅವನಿಗೂ ಸಿಮ್‌ನಲ್ಲಿ ಅದಕ್ಕೇ ಬೈಗುಳ ಬಿದ್ದಿದೆಯಂತೆ. ಸಾಂಬ್ರಾ ಸರ್, ಟೈಪ್ ರೇಟಿಂಗ್ ಮುಗಿದು ಕಂಪನಿ ಕರೆಯುವ ತನಕ ಅವನಿಗೆ ಪುರುಸೊತ್ತಿದೆ. ಸ್ವಂತ ದುಡ್ಡಲ್ಲಿ ಒಂದೆರಡು ಗಂಟೆ ಹಾರಿದರೆ ಏನು ಮಾಡಿಸಬೇಕು ಅಂತ ಇನ್‌ಸ್ಟ್ರಕ್ಟರ್‌ಗೆ ಹೇಳಬೇಕು?

---

ಸಾಂಬ್ರಾ ಸರ್ಕ್ಯೂಟ್:

ಮೊದಲು, ಬೆಳಿಗ್ಗೆ ಸ್ಲಾಟ್ ಬೇಡ ಅನ್ನಲಿ. ಮಧ್ಯಾಹ್ನ ಎರಡರಿಂದ ನಾಲ್ಕು, ಯಾರೂ ಕೇಳದ ಹೊತ್ತು, ಬಿಸಿಲಿಗೆ ವಿಮಾನ ಕುಣಿಯುತ್ತಿರುತ್ತದೆ. ಅಡ್ಡಗಾಳಿ 8ರಿಂದ 12 ನಾಟ್ ಸಾಕು, ಅದಕ್ಕಿಂತ ಜಾಸ್ತಿ ಇದ್ದರೆ ಕಲಿಯೋದು ನಿಂತು ಬರೀ ಬಡಿದಾಟ ಆಗುತ್ತದೆ. ಒಬ್ಬನೇ ಹೋಗುವುದು ಬೇಡ, ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಇರಬೇಕು.

ಆಮೇಲೆ ಕೆಲಸ ಹಂಚಿಕೊಳ್ಳಲಿ. ಮೊದಲ ಕೆಲವು ಸುತ್ತು ಯೋಕ್, ಪವರ್ ಇನ್‌ಸ್ಟ್ರಕ್ಟರ್ ಕೈಯಲ್ಲಿ, ಹುಡುಗನ ಕಾಲು ಮಾತ್ರ ಪೆಡಲ್ ಮೇಲೆ. ಅವನ ಕೆಲಸ ಒಂದೇ, ಮೂತಿ ರನ್‌ವೇ ನೇರಕ್ಕೆ ಇಡುವುದು. ರೆಕ್ಕೆ ಏನಾದರೂ ಆಗಲಿ, ಅವನಿಗೆ ಸಂಬಂಧ ಇಲ್ಲ. ಅದು ಕೂತ ಮೇಲೆ ಅದಲು ಬದಲು, ಕಾಲು ಇನ್‌ಸ್ಟ್ರಕ್ಟರ್‌ದು, ಕೈ ಇವನದು, ಸೆಂಟರ್ ಲೈನ್ ಬಿಟ್ಟು ಜಾರದ ಹಾಗೆ ನೋಡಿಕೊಳ್ಳುವುದು. ಎರಡೂ ಬಂದ ಮೇಲೆ ಸೇರಿಸಿ, ನಾನು ಮೇಲೆ ಹೇಳಿದ ಚಕ್ರ ತಾಗಿಸದೆ ರನ್‌ವೇ ಉದ್ದಕ್ಕೂ ಹೋಗುವ ಲೋ ಪಾಸ್. ಇಳಿಸುವುದು ಎಲ್ಲಕ್ಕಿಂತ ಕೊನೆಗೆ.

ಎಡಸೀಟು ಸರ್ ಹೇಳಿದ್ದು ನೆನಪಿರಲಿ, ಕೈಯದು ಸೆಸ್ನಾದಲ್ಲೇ ಬಿಟ್ಟು ಬರಲಿ. ಸಿಮ್ ಸೆಷನ್ ಇರುವ ವಾರ ಇದನ್ನ ಇಟ್ಟುಕೊಳ್ಳಬೇಡಿ, ಎರಡೂ ಕಲಸಿ ಹೋಗುತ್ತವೆ. ಮತ್ತೆ ಶೂ, ಅಡಿ ತೆಳ್ಳಗಿರುವುದು ಹಾಕಿಕೊಂಡು ಬರಲಿ. ದಪ್ಪ ಸೋಲ್ ಸ್ಪೋರ್ಟ್ಸ್ ಶೂ ಹಾಕಿ ಬಂದು ಪೆಡಲ್ ಗೊತ್ತಾಗುತ್ತಿಲ್ಲ ಸರ್ ಅನ್ನುವವರು ಬಹಳ ಜನ.